ಲಿಂಗಯ್ಯ ಯಾರ ಕಡೆ?

ದೊಡ್ಡಮಳೂರಿನ ಚಲುವಯ್ಯನ ಮನೆಯಲ್ಲಿ ಆಯುಧಪೂಜೆಯ ದಿನ ನೇಗಿಲು, ಮಚ್ಚುಗಳ ಪಕ್ಕ ಮೊಳದುದ್ದದ ಒಂದು ಕತ್ತಿಯನ್ನೂ ಇಡುತ್ತಿದ್ದರು. ಮುತ್ತಾತ ಲಿಂಗಯ್ಯ ಅದನ್ನು ಬಿಳಿ ಸಿಪಾಯಿಯೊಬ್ಬನಿಂದ ಕಿತ್ತುಕೊಂಡು ಬಂದ ಎನ್ನುವುದು ಮನೆಯ ಮಾತು. ತುಕ್ಕು ತಿನ್ನತೊಡಗಿದಾಗ, ನಾಲ್ಕು ಜನ ನೋಡಲಿ ಎಂದು ಚಲುವಯ್ಯ ಅದನ್ನು ರಾಮನಗರದ ಸಣ್ಣ ಮ್ಯೂಸಿಯಂ ಒಂದಕ್ಕೆ ಕೊಟ್ಟ.

ಮಳೆಗಾಲ ಕಳೆದ ಮೇಲೆ ಮ್ಯೂಸಿಯಂ ನೋಡಿಕೊಳ್ಳುವ ಭಾನುಪ್ರಿಯ ಫೋನ್ ಮಾಡಿದಳು. ಚಲುವಯ್ಯ ಇಸ್ತ್ರಿ ಅಂಗಿ ತೊಟ್ಟು, ಹೆಂಡತಿ ದೊಡ್ಡಲಕ್ಷ್ಮಮ್ಮನನ್ನೂ ಕರೆದುಕೊಂಡು ಹೋದ.

ತುಕ್ಕು ತೆಗೆದ ಕತ್ತಿ ಬಿಳಿ ಬಟ್ಟೆಯ ಮೇಲಿತ್ತು.

"ಇದು ಕತ್ತಿ ಅಲ್ಲ ಯಜಮಾನ್ರೇ, ಬಯೊನೆಟ್. ಬಂದೂಕಿನ ತುದಿಗೆ ಸಿಗಿಸೋದು," ಎಂದಳು ಭಾನುಪ್ರಿಯ. ದೊಡ್ಡಲಕ್ಷ್ಮಮ್ಮ ಅರಿಶಿಣದ ದಾರ ಕಟ್ಟುತ್ತಿದ್ದ ಹಿಡಿಯ ಉಂಗುರದೊಳಗೆ ಬಂದೂಕಿನ ನಳಿಗೆ ಕೂರುತ್ತಿತ್ತಂತೆ. ಅಲಗಿನ ಮೇಲೆ ಇಂಗ್ಲೆಂಡಿನ ಕಿರೀಟದ ಗುರುತಿತ್ತು.

ಚಲುವಯ್ಯನ ಮುಖ ಅರಳಿತು. "ಅದೇ ಮತ್ತೆ! ಬಿಳಿಯೋನ ತಾವ ಕಿತ್ಕೊಂಡಿದ್ದು ಅಂದ್ನಲ್ಲ!"

ಭಾನುಪ್ರಿಯ ಹಿಡಿಯನ್ನು ತಿರುಗಿಸಿ ತೋರಿಸಿದಳು. "ಇದು ಪಡೆಯ ಗುರುತು. ಇಂಗ್ಲಿಷರದೇ ಪಡೆ, ಆದ್ರೆ ಸಿಪಾಯಿಗಳೆಲ್ಲ ನಮ್ಮ ದೇಶದವರು."

"ಅಂಗಂದ್ರೆ?"

"ನಮ್ಮವನೊಬ್ಬನ ಕೈಯಿಂದಲೇ ಕಿತ್ಕೊಂಡಿರಬಹುದು. ನಿಮ್ಮ ಮುತ್ತಾತನೇ ಆ ಪಡೆಯಲ್ಲಿ ಇದ್ದಿರಬಹುದು. ಸಂತೆಯಲ್ಲಿ ಕೊಂಡಿದ್ರೂ ಕೊಂಡಿರಬಹುದು. ಗೊತ್ತಾಗೋ ಹಾಗಿಲ್ಲ. ಇದರ ಮುಂದೆ ಏನಂತ ಬರೆಸ್ಲಿ?"

"ವೀರ ಲಿಂಗಯ್ಯ ಅಂತ..." ಎಂದ ಚಲುವಯ್ಯ ಅರ್ಧಕ್ಕೇ ನಿಂತ. "ಬ್ಯಾಡ, ತಡೀರಿ. ಒಸಿ ಯೋಚ್ನೆ ಮಾಡ್ತೀನಿ."

ಊರಿಗೆ ಮರಳುವ ಬಸ್ಸು ಕೆಂಗಲ್ ತಲುಪಿದಾಗ ಅವನು ಹೆಂಡತಿಯನ್ನು ಕೇಳಿದ: "ಅಲ್ಲ ಕಣೆ, ಅವ್ನು ಇಂಗ್ಲೀಷ್ನೋರ ಎದ್ರು ಹೊಡೆದಾಡ್ದೋನೋ, ಅವ್ರ ಅನ್ನ ತಿಂದೋನೋ? ಇಷ್ಟ್ ವರ್ಸ ನಾವು ಕೈ ಮುಗಿದಿದ್ದು ಯಾವುದ್ಕೆ?"

"ನಂಗೇನ್ ಗೊತ್ತು? ಮದ್ವೆಯಾಗಿ ಬಂದಾಗಿಂದ ಅದ್ಕೆ ಕುಂಕುಮ ಇಟ್ಟಿರೋದಂತೂ ದಿಟ. ಅದ್ನೇ ಬರೀಲಿ ಬುಡಿ."

ಅವನು ಬಸ್ಸಿನಿಂದಲೇ ಫೋನ್ ಮಾಡಿ ಹಾಗೆಯೇ ಹೇಳಿದ. ಈಗ ಗಾಜಿನ ಪೆಟ್ಟಿಗೆಯ ಮುಂದೆ, 'ಇಂಗ್ಲಿಷ್ ಸೈನ್ಯದ ಬಯೊನೆಟ್. ದೊಡ್ಡಮಳೂರಿನ ಲಿಂಗಯ್ಯನವರ ಮನೆಯಲ್ಲಿ ಪೂಜೆಗೊಳ್ಳುತ್ತಿತ್ತು' ಎಂದು ಬರೆದಿದೆ.

ಮೊನ್ನೆ ಮೊಮ್ಮಗಳು ಸಿರಿ ಅದನ್ನು ಓದಿ ಕೇಳಿದಳು: "ತಾತ, ಲಿಂಗಯ್ಯ ತಾತ ಯಾರ ಕಡೆ ಇದ್ರು?"

ಚಲುವಯ್ಯ ಗಾಜಿಗೆ ಮುಖ ಹತ್ತಿರ ತಂದು ನೋಡಿದ.

"ಗೊತ್ತಿಲ್ಲ ಕಣವ್ವ," ಎಂದ. ಆಮೇಲೆ ಹಿಡಿಯ ಉಂಗುರದ ಕಡೆ ಬೆರಳು ತೋರಿಸಿದ. "ನಿಮ್ಮಜ್ಜಿ ಅರಿಶಿಣದ ದಾರ ಕಟ್ತಿದ್ದಿದ್ದು ಇಲ್ಲೇ."