ಗುಬ್ಬಿ ಹಾಸ್ಟೆಲಿನ ಚಾರ್ಜು

ನಮ್ಮೂರು ಅಮೃತೂರಿನಿಂದ ಕುಣಿಗಲ್ಲಿಗೆ ಬಸ್ ಚಾರ್ಜು ತೊಂಬತ್ತು ಪೈಸೆ. ಮಿಲ್ಲಿನಲ್ಲಿ ಸೇರು ರಾಗಿ ಬೀಸಲು ಹತ್ತು ಪೈಸೆ ಚಾರ್ಜು. ತಾಲ್ಲೂಕು ಕಚೇರಿ ಮುಂದೆ ಕೂತು ಅರ್ಜಿ ಬರೆಯುವವನ ಚಾರ್ಜು ಒಂದು ರೂಪಾಯಿ, ಅವಸರವೆಂದರೆ ಒಂದೂವರೆ. ಎಪ್ಪತ್ನಾಲ್ಕರಲ್ಲಿ ಚಾರ್ಜು ಅಂದರೆ ನಮ್ಮ ಮನೆಯಲ್ಲಿ ಜೇಬಿನಿಂದ ಹೋಗುವ ದುಡ್ಡು, ಅಷ್ಟೇ. ಅದರಿಂದ ಮಾನವೂ ಹೋಗಬಹುದೆಂದು ಆಗ ತಿಳಿದಿರಲಿಲ್ಲ.

ನಾನಾಗ ಕುಣಿಗಲ್ಲಿನಲ್ಲಿ ಒಂದು ಟ್ರಸ್ಟಿನ ಹಾಸ್ಟೆಲಿನ ಅಟೆಂಡರ್. ವಾರ್ಡನ್ ವೆಂಕಟರಂಗಯ್ಯನವರು ಮಗಳ ಮದುವೆಗೆ ಒಂದು ತಿಂಗಳು ರಜಾ ಹಾಕಿದರು. ಹೊರಡುವ ದಿನ ನನ್ನನ್ನು ಕರೆದು ನಾಲ್ಕು ಹಾಳೆಯ ಪಟ್ಟಿ ಮುಂದಿಟ್ಟರು.

"ಹನುಮಯ್ಯ, ನಾನು ಬರೋವರ್ಗೂ ಸ್ಟೋರಿನ ಚಾರ್ಜು ನಿಂದೇ. ಇಲ್ಲೊಂದು ಸಹಿ ಹಾಕು."

"ಸಾಮಾನು ಎಣಿಸ್ಕೋಬೇಡ್ವಾ ಸಾರ್?"

"ನಾವ್ ನಾವೇ ಎಣಿಸ್ಕೊಂಡ್ರೆ ಜನ ನಗ್ತಾರೆ ಕಣಯ್ಯ."

ಪಟ್ಟಿ ಇಂಗ್ಲಿಷಿನಲ್ಲಿತ್ತು. ಗಂಗಹನುಮಯ್ಯ ಅಂತ ದುಂಡಗೆ ಸಹಿ ಹಾಕಿದೆ. ಹೆಂಡತಿಗೆ ಹೇಳಲು ಅರ್ಧ ಸೇರು ಖಾರ ಕಟ್ಟಿಸಿಕೊಂಡು ಊರಿಗೆ ಹೋದೆ.

"ಚಾರ್ಜು ತಗೊಂಡ್ರಾ? ಎಷ್ಟ್ ಕೊಟ್ರು?" ಎಂದಳು ಸಿದ್ದಲಕ್ಷ್ಮಮ್ಮ.

"ದುಡ್ಡಲ್ಲ ಕಣೇ. ಜವಾಬ್ದಾರಿ."

"ಪುಕ್ಸಟ್ಟೆ ಕೊಟ್ಟವ್ರೆ ಅಂದ್ರೆ ಅದ್ರಲ್ಲೇನೋ ಐತೆ ಬುಡಿ."

ಮೂರನೇ ವಾರ ಟ್ರಸ್ಟಿನವರು ತಪಾಸಣೆಗೆ ಬಂದರು. ಪಟ್ಟಿಯಲ್ಲಿದ್ದ ತಾಮ್ರದ ಹಂಡೆ ಸ್ಟೋರಿನಲ್ಲಿ ಇರಲಿಲ್ಲ. ರಜೆಯಿಂದ ಬಂದ ವೆಂಕಟರಂಗಯ್ಯನವರು, "ನಾನು ಕೊಟ್ಟಾಗ ಇತ್ತು. ಸಹಿ ನೋಡಿ" ಅಂದರು. ನನಗೆ ಚಾರ್ಜ್‌ಶೀಟು ಕೊಟ್ಟರು. ಹೆಂಡತಿಯ ಎರಡು ವಾಲೆ ಮಾರಿ ಹಂಡೆಯ ಬೆಲೆ ಕಟ್ಟಿದೆ. ದುಡ್ಡು ಹೋದದ್ದನ್ನು ಹೇಗೋ ತಡೆದುಕೊಂಡೆ. ಆದರೆ ಊರಿನ ಬಸ್ಸು ಹತ್ತಿದರೆ ಕಂಡಕ್ಟರ್ ಯಲ್ಲಯ್ಯ, "ಲಗೇಜ್ ಏನಾದ್ರೂ ಐತಾ ಹನುಮಣ್ಣ? ಹಂಡೆ ಗಿಂಡೆ?" ಅನ್ನುವನು. ಬಸ್ಸಿನ ತುಂಬ ನಗು.

ಎರಡು ವರ್ಷದ ಮೇಲೆ ತುಮಕೂರಿಗೆ ಹೋಗಿದ್ದಾಗ ವೆಂಕಟರಂಗಯ್ಯನವರ ಮಗಳ ಮನೆಗೆ ಕಾಯಿ ಮೂಟೆ ಹೊತ್ತು ಕೊಡಬೇಕಾಯಿತು. ಬಟವಾಡಿಯಲ್ಲಿ ಬಾಡಿಗೆ ಮನೆ. ಕೈ ತೊಳೆಯಲು ಬಚ್ಚಲಿಗೆ ಹೋದೆ. ಒಲೆಯ ಮೇಲೆ ಹಂಡೆ ಕೂತಿತ್ತು. ಕಂಠದ ಮೇಲೆ ಹಾಸ್ಟೆಲಿನ ಹೆಸರಿದ್ದ ಜಾಗವನ್ನು ಅರ ಹಾಕಿ ಉಜ್ಜಿದ್ದರು. ಯಾರಿಗೆ ಹೇಳುವುದು? ಸಹಿ ನನ್ನದು. ಸುಮ್ಮನೆ ಬಂದೆ. ಆದರೆ ಅವತ್ತಿನಿಂದ ನಾನು ಕಾಯತೊಡಗಿದೆ.

ಕಾಯುತ್ತ ಚಾರ್ಜ್ ಲಿಸ್ಟ್ ಓದುವಷ್ಟು ಇಂಗ್ಲಿಷ್ ಕಲಿತೆ. ಸ್ಟೋರ್ ಗುಮಾಸ್ತನಾದೆ. ಗುಬ್ಬಿಯಲ್ಲಿದ್ದ ಟ್ರಸ್ಟಿನ ಇನ್ನೊಂದು ಹಾಸ್ಟೆಲಿಗೆ ವರ್ಗವಾಗಿದ್ದ ವೆಂಕಟರಂಗಯ್ಯನವರು ಎಂಬತ್ನಾಲ್ಕರಲ್ಲಿ ನಿವೃತ್ತರಾಗುವಾಗ ಹೊಸ ವಾರ್ಡನ್ ಇನ್ನೂ ಬಂದಿರಲಿಲ್ಲ. ತಾತ್ಕಾಲಿಕವಾಗಿ ಚಾರ್ಜು ತೆಗೆದುಕೊಳ್ಳಲು ಟ್ರಸ್ಟಿನ ಆಫೀಸು ನನ್ನನ್ನೇ ಕಳಿಸಿತು. ನಾನು ಸಹಿ ಹಾಕುವವರೆಗೆ ಅವರಿಗೆ ನಿವೃತ್ತಿಯ ಗ್ರಾಚ್ಯುಟಿ ದುಡ್ಡು ಇಲ್ಲ.

ನಾನು ಹೋಗುವ ಹೊತ್ತಿಗೆ ಅವರ ಮನೆ ಸಾಮಾನು ಲಾರಿಗೆ ಏರಿತ್ತು.

"ಬಾರಯ್ಯ ಹನುಮಯ್ಯ. ಸಹಿ ಹಾಕ್ಬಿಡು, ಕಾಫಿ ಕುಡ್ಯೋಣ."

"ಎಣಿಸೋಣ ಸಾರ್."

ಅವರು ನನ್ನ ಮುಖ ನೋಡಿದರು. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು.

ಇನ್ನೂರ ಹದಿನಾಲ್ಕು ಬಾಬತ್ತು. ಸೌಟು, ತಟ್ಟೆ, ಲೋಟ, ಒನಕೆ, ಬೆಂಚು. ಒಂದೊಂದನ್ನೂ ಅವರ ಕೈಯಲ್ಲೇ ಎತ್ತಿಸಿದೆ. ಲೆಕ್ಕ ತಪ್ಪಿತೆಂದು ಲೋಟಗಳನ್ನು ಎರಡು ಸಲ ಎಣಿಸಿದೆ. ತಪ್ಪಿರಲಿಲ್ಲ. ಅವರ ಸೊಂಟ ನೋಯುವುದು ಕಾಣುತ್ತಿತ್ತು, ನೋಡಿ ಖುಷಿಪಟ್ಟೆ. ಹೊರಗೆ ಲಾರಿ ಡ್ರೈವರ್ ಕೂಗುತ್ತಿದ್ದ: "ಯಜಮಾನ್ರೇ, ನಿಮ್ ಚಾರ್ಜು ಮುಗಿಯೋದ್ರೊಳ್ಗೆ ನನ್ ಬ್ಯಾಟ್ರಿ ಚಾರ್ಜೂ ಮುಗೀತದೆ! ವೇಟಿಂಗ್ ಚಾರ್ಜು ಯಾರ್ ಕೊಡೋರು?"

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ನನಗೆ ಗೊತ್ತಾಯಿತು: ಏನೂ ಕಡಮೆ ಬೀಳುವುದಿಲ್ಲ. ಗುಬ್ಬಿಯಲ್ಲಿ ಮನುಷ್ಯ ಎಚ್ಚರದಿಂದಿದ್ದ. ಎಂಟು ವರ್ಷ ಕಾದಿದ್ದಕ್ಕೆ ಸಿಕ್ಕಿದ್ದು ಒಂದು ಸೊಂಟನೋವು. ಎಲ್ಲರೂ ಊಟಕ್ಕೆ ಕೂತಿದ್ದಾಗ ದೊಡ್ಡ ಹಿತ್ತಾಳೆ ಕೊಳಗವನ್ನು ಎತ್ತಿಕೊಂಡು ಹೋಗಿ, ಸೌದೆ ಕೊಟ್ಟಿಗೆಯಲ್ಲಿ ತೆಂಗಿನ ಮಟ್ಟೆಯ ರಾಶಿಯೊಳಗೆ ಹುಗಿದೆ.

ಮೂರನೇ ದಿನ ಟ್ರಸ್ಟಿನ ಕಾರ್ಯದರ್ಶಿ ಶಿವರಾಮಯ್ಯನವರು ತುಮಕೂರಿನಿಂದ ಬಂದರು. "ಒಂದು ಕೊಳಗ ಇಲ್ಲ ಸಾರ್" ಅಂದೆ. ವೆಂಕಟರಂಗಯ್ಯನವರ ಮುಖ ಬೆವೆತಿತು. ಆ ಮುಖವನ್ನು ಕಣ್ಣು ತುಂಬ ನೋಡಿದೆ. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ಅಡುಗೆಮನೆ ಬೀಗದಕೈ ಇವನ ಹತ್ರ ಇರೋದು ಸಾರ್" ಅಂತ ಅಡುಗೆ ಅಡವಿಯಪ್ಪನ ಕಡೆ ಕೈ ತೋರಿಸಿದರು.

"ನಾನಾ? ನನ್ ಮಕ್ಳಾಣೆಗೂ ಇಲ್ಲ ಬುದ್ಧೀ!"

"ಬಾಯ್ಮುಚ್ಚು. ದಿನಾ ಕತ್ಲಾದ್ಮೇಲೆ ಚೀಲ ಹಿಡ್ಕೊಂಡು ಹೋಗೋನು ನೀನಲ್ವೇನ್ಲಾ?"

"ಬೂಸಾ ಚೀಲ ಬುದ್ಧೀ, ಎಮ್ಮೆಗೆ. ನೀವೇ ಕೊಟ್ಟಿದ್ದು."

ಶಿವರಾಮಯ್ಯನವರು, "ನಾಳೆಯಿಂದ ಬರಬೇಡ" ಅಂದುಬಿಟ್ಟರು. ಅಡವಿಯಪ್ಪ ಬೆರಳಲ್ಲಿದ್ದ ಬೆಳ್ಳಿ ಉಂಗುರ ಎಳೆಯತೊಡಗಿದ. ಹಿಟ್ಟು ನಾದಿ ನಾದಿ ಊದಿದ ಬೆರಳು, ಉಂಗುರ ಬರಲಿಲ್ಲ. "ಇದನ್ನ ಇಟ್ಕಳಿ ಸ್ವಾಮಿ, ಕೆಲ್ಸ ತೆಗೀಬೇಡಿ" ಅನ್ನುತ್ತ ಬೆರಳಿಗೆ ಎಂಜಲು ಹಚ್ಚಿ ತಿರುಚುತ್ತಿದ್ದ.

ಮೇಲಿನವನು ತಪ್ಪನ್ನು ಯಾರ ತಲೆಗೆ ಕಟ್ಟುತ್ತಾನೆ ಎಂಬುದು ಬೇರೆ ಯಾರಿಗೆ ತಿಳಿಯದಿದ್ದರೂ ನನಗೆ ತಿಳಿದಿರಬೇಕಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಾನು ಸಿಕ್ಕಿಬೀಳುತ್ತಿರಲಿಲ್ಲ. ಆದರೆ ಆ ಬೆರಳು ನೋಡಲಾಗಲಿಲ್ಲ.

ಸೌದೆ ಕೊಟ್ಟಿಗೆಗೆ ಹೋಗಿ ಕೊಳಗ ತಂದು ಶಿವರಾಮಯ್ಯನವರ ಮುಂದೆ ಇಟ್ಟೆ.

"ಇದನ್ನ ಬಚ್ಚಿಟ್ಟಿದ್ದು ನಾನು ಸಾರ್. ವೆಂಕಟರಂಗಯ್ಯನವರನ್ನ ಸಿಕ್ಕಿಸೋಕೆ. ಕುಣಿಗಲ್ಲಿನ ತಾಮ್ರದ ಹಂಡೆ ಬಟವಾಡಿಯಲ್ಲಿ ಇವ್ರ ಮಗಳ ಮನೆ ಬಚ್ಚಲಲ್ಲಿ ಐತೆ. ನಾನೇ ನೋಡಿದೀನಿ. ಬೇಕಾದ್ರೆ ಈಗ್ಲೇ ಹೋಗೋಣ."

ಯಾರೂ ಹೋಗಲಿಲ್ಲ. "ಹಳೇದನ್ನೆಲ್ಲ ಯಾಕೆ ಕೆದಕ್ತೀಯ" ಎಂದರು ಶಿವರಾಮಯ್ಯನವರು. ವೆಂಕಟರಂಗಯ್ಯನವರು ನೆಲ ನೋಡುತ್ತ ನಿಂತಿದ್ದರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ವನಜಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಅವರಿಗೆ ಗೊತ್ತಿತ್ತು.

ಅಡವಿಯಪ್ಪ ನನಗೆ ಕೈ ಮುಗಿಯಲಿಲ್ಲ. "ಥೂ, ನೀನೂ ಅವ್ರಂಗೇ ಕಣಯ್ಯ" ಅಂದು ಒಲೆ ಹತ್ತಿರ ಹೋದ. ವೆಂಕಟರಂಗಯ್ಯನವರ ಮೇಲಿನ ಸಿಟ್ಟು ಈಗಲೂ ಹೋಗಿಲ್ಲ.

ಅವರಿಗೆ ಗ್ರಾಚ್ಯುಟಿ ಪೂರ್ತಿ ಬಂತು. ನನ್ನನ್ನು ಗುಮಾಸ್ತಿಕೆಯಿಂದ ಇಳಿಸಿ ಮತ್ತೆ ಅಟೆಂಡರ್ ಮಾಡಿದರು, ತಿಂಗಳಿಗೆ ತೊಂಬತ್ತು ರೂಪಾಯಿ ಸಂಬಳ ಇಳಿಯಿತು. ಅಡವಿಯಪ್ಪನ ಕೆಲಸ ಉಳಿಯಿತು.