ಕರೆಂಟು ಮಾತ್ರ ಹೋಗುವ ವಯರು

ಹಾಜಾ ಗಜಾಲಾ ಕೊಟ್ಟ ಆ ಕೆಂಪು ವಯರು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ವಯರಿನದೇನೂ ತಪ್ಪಿಲ್ಲ. ಯಾರದೋ ಮನೆಯಲ್ಲಿ ಮಕ್ಕಳ ಆಟಿಕೆ ಚಾರ್ಜು ಮಾಡಿಕೊಂಡು ಅದು ತನ್ನ ಪಾಡಿಗೆ ಇರಬಹುದಿತ್ತು. ಅದನ್ನು ಹಿಡಿದು ನಮ್ಮ ಹುಡುಗಿಯ ಮಾನ ಅಳೆಯಲು ಬಂದರಲ್ಲ, ನನ್ನ ಸಿಟ್ಟು ಅವರ ಮೇಲೆ.

ವಿಸಾಲ್ ನನ್ನ ತಂಗಿಯ ಮಗಳು. ಟ್ರಿಪೋಲಿಯ ಸೂಕ್ ಅಲ್-ಜುಮಾ ಕಡೆ ಹೆಂಗಸರ ಮದುವೆಗಳಲ್ಲಿ ಫೋಟೋ ತೆಗೆಯುವುದು ಅವಳ ಕಸುಬು. ಚೀಲ ಹಿಡಿದುಕೊಂಡು ಅವಳ ಜತೆ ಹೋಗುವುದು ನನ್ನ ಕಸುಬು. ಹೆಂಗಸರು ಸೇರುವ ಮದುವೆ ಹಾಲಿನೊಳಗೆ ಗಂಡಸರು ಕಾಲಿಡುವಂತಿಲ್ಲ, ಹೆಂಗಸರು ಫೋನು ಒಯ್ಯುವಂತಿಲ್ಲ. ಬಾಗಿಲಲ್ಲೇ ಫೋನುಗಳನ್ನೆಲ್ಲ ಬಟ್ಟೆಯ ಚೀಲಕ್ಕೆ ಹಾಕಿಸಿಕೊಳ್ಳುತ್ತಾರೆ. ಒಳಗೆ ತಲೆಯ ಬಟ್ಟೆ ತೆಗೆದು, ತೋಳು ಬಿಟ್ಟು ಕುಣಿಯುವವರನ್ನು ನೋಡಿ ನೆನಪಿಟ್ಟುಕೊಳ್ಳುವುದು ವಿಸಾಲಳ ಕ್ಯಾಮೆರಾ ಒಂದೇ. ಹಾಗಾಗಿ ಫೋಟೋ ಚೆನ್ನಾಗಿ ತೆಗೆಯುತ್ತಾಳೆ ಎಂದು ಯಾರೂ ಅವಳನ್ನು ಕರೆಯುವುದಿಲ್ಲ, ನಂಬಿಕಸ್ಥೆ ಎಂದು ಕರೆಯುತ್ತಾರೆ. ಒಂದು ಫೋಟೋ ಹೊರಗೆ ಹೋಯಿತಂತೆ ಎಂದು ಯಾರಾದರೂ ಒಬ್ಬಳು ಬಾಯಿಬಿಟ್ಟರೆ ಸಾಕು, ಸುಳ್ಳಾದರೂ ಸರಿ, ಆಮೇಲೆ ಅವಳಿಗೆ ಯಾವ ಮನೆಯ ಬಾಗಿಲೂ ಇಲ್ಲ.

ಕ್ಯಾಮೆರಾದ ಬ್ಯಾಟರಿಯನ್ನು ಮಲಗಿಸಿ ಗೋಡೆಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆಯೊಂದು ಅವಳ ಬಳಿ ಇತ್ತು. ಹೋಗಿದ್ದ ಕರೆಂಟು ಒಂದು ಮಧ್ಯಾಹ್ನ ಒಮ್ಮೆಲೇ ಜೋರಾಗಿ ನುಗ್ಗಿ ಬಂದು ಅದು ಸುಟ್ಟು ಕಪ್ಪಾಯಿತು. ಎರಡನೆಯ ಬ್ಯಾಟರಿ ಅದೇ ಬೇಸಿಗೆಯಲ್ಲಿ ಉಬ್ಬಿಕೊಂಡು ಕ್ಯಾಮೆರಾದೊಳಗೆ ಹೋಗದಂತಾಯಿತು. ಇನ್ನು ಇದ್ದದ್ದು ಒಂದೇ ಬ್ಯಾಟರಿ, ಒಂದೇ ದಾರಿ. ಕ್ಯಾಮೆರಾದ ಪಕ್ಕದಲ್ಲಿರುವ ಯುಎಸ್‌ಬಿ ತೂತಿಗೆ ವಯರು ಸಿಕ್ಕಿಸಿ ತುಂಬಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಚಾರ್ಜರನ್ನು ಕ್ಯಾಮೆರಾ ಮಾರಿದವರು ಡಬ್ಬಿಯಲ್ಲಿ ಇಟ್ಟಿರಲೇ ಇಲ್ಲ. ಅಷ್ಟು ದುಡ್ಡು ಎಣಿಸಿಕೊಂಡವರಿಗೆ ಅಂಗೈಯಗಲದ ಒಂದು ಚಾರ್ಜರು ಇಡಲು ಕೈ ಬರಲಿಲ್ಲ ನೋಡಿ. ಮನೆಯಲ್ಲಿದ್ದ ನನ್ನ ಫೋನಿನ ಚಾರ್ಜರು ಸಿಕ್ಕಿಸಿದರೆ ಕ್ಯಾಮೆರಾ ಕಣ್ಣನ್ನೂ ಬಿಡಲಿಲ್ಲ.

ರಶೀದ್ ಬೀದಿಗೆ ಹೋದೆವು. ಫೈತೂರಿ ಎಂಬವನ ಅಂಗಡಿ. ಗೋಡೆಯ ತುಂಬ ವಯರುಗಳು ಒಣಹಾಕಿದ ಮೆಣಸಿನಕಾಯಿಯ ಸರಗಳಂತೆ ತೂಗುತ್ತಿದ್ದವು.

"ಯಾವ ಫೋನಿಗೆ?" ಎಂದ.

"ಫೋನಿಗಲ್ಲ, ಕ್ಯಾಮೆರಾಗೆ," ಎಂದಳು ವಿಸಾಲ್.

"ಎರಡಕ್ಕೂ ಬಾಯಿ ಒಂದೇ ಥರ ತಂಗೀ. ಯಾವುದಾದ್ರೂ ಆಗುತ್ತೆ, ತಗೊಂಡು ಹೋಗು."

"ಬಾಯಿ ಒಂದೇ ಥರ ಇದ್ರೆ ಆಯ್ತೇನಪ್ಪಾ? ನಿಂದೂ ನಂದೂ ಬಾಯಿ ಒಂದೇ ಥರ ಇದೆ. ನಾನು ಸುಳ್ಳು ಹೇಳಲ್ಲ," ಎಂದೆ.

"ಹಾಜಾ, ಇವತ್ತು ಚಹಾ ಕುಡಿದು ಬಂದಿಲ್ಲ ಅಂತ ಕಾಣುತ್ತೆ," ಎಂದು ಅವನು ನಕ್ಕ. ನಮ್ಮಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಮರ್ಯಾದೆಗೆ ಹಾಜಾ ಎಂದೇ ಕರೆಯುವುದು.

ನಾವು ಕ್ಯಾಮೆರಾ ತಂದಿದ್ದೆವು. ಅಲ್ಲೇ ಸಿಕ್ಕಿಸಿ ನೋಡುತ್ತೇವೆ ಎಂದಾಗ ಅವನ ಮುಖ ಸಣ್ಣಗಾಯಿತು. ಅವನು ಕೊಟ್ಟ ಮೊದಲನೆಯದಕ್ಕೆ ದೀಪ ಹತ್ತಲಿಲ್ಲ. ಕ್ಯಾಮೆರಾವೇ ಕೆಟ್ಟಿದೆ ಎಂದ. ಮತ್ತೊಂದಕ್ಕೆ ಹತ್ತಿದ ದೀಪ ಒಂದು ಸಲ ಮಿಟುಕಿ ಆರಿತು. ಹುಡುಗಿಗೆ ಸಿಕ್ಕಿಸಲು ಬರುವುದಿಲ್ಲ ಎಂದ. ದೊಡ್ಡ ಅಕ್ಷರದಲ್ಲಿ ಅರವತ್ತೈದು ವಾಟ್ ಎಂದು ಬರೆದಿದ್ದ ಚಾರ್ಜರೊಂದನ್ನು ತೆಗೆದ. ಕೈಯಲ್ಲಿ ಹಿಡಿದರೆ ಅದು ಒಳಗೆ ತಿರುಳಿಲ್ಲದ ಬಾದಾಮಿಯಷ್ಟು ಹಗುರ.

"ಇದರೊಳಗೆ ಏನಾದ್ರೂ ಇದೆಯೋ, ಬರೀ ಬರಹಾನೋ?" ಎಂದೆ.

"ನೀವು ತೂಕ ಹಾಕಿ ಕೊಳ್ಳೋಕೆ ಬಂದಿದ್ದೀರಾ?"

"ಹೌದು. ನಿನ್ನ ಮಾತು ತೂಕಕ್ಕೆ ಬರ್ತಿಲ್ವಲ್ಲ, ಅದಕ್ಕೆ."

ಪಕ್ಕದಲ್ಲಿದ್ದ ಗಿರಾಕಿಗಳು ನಗತೊಡಗಿದ ಮೇಲೆ ಅವನು ಸೋತು ಸ್ಟೂಲು ಹತ್ತಿ ಮೇಲಿನ ಖಾನೆಯಿಂದ ಬೇರೊಂದು ಜೋಡಿ ಇಳಿಸಿದ. ಚಾರ್ಜರು ಸಣ್ಣದು, ಆದರೆ ಕೈಗೆ ಭಾರ. ವಯರಿನ ಎರಡೂ ತುದಿ ಒಂದೇ ಆಕಾರ. ಸಿಕ್ಕಿಸಿದೊಡನೆ ಕ್ಯಾಮೆರಾದ ಪಕ್ಕದಲ್ಲಿ ಕಿತ್ತಳೆ ಬಣ್ಣದ ದೀಪ ಹತ್ತಿ ನಿಂತಿತು.

"ನಿಮ್ಮ ಕ್ಯಾಮೆರಾ ಸೊಕ್ಕಿನದು ಹಾಜಾ. ಮೊದಲು ಚಾರ್ಜರಿನ ಹತ್ರ ಮಾತಾಡುತ್ತೆ, ಎಷ್ಟು ಕೊಡ್ತೀಯ ಅಂತ ಕೇಳುತ್ತೆ. ಉತ್ತರ ಬಂದ್ರೇನೇ ಕರೆಂಟು ತಗೊಳ್ಳೋದು. ಆ ಮಾತು ಹೋಗೋಕೆ ವಯರಿನಲ್ಲಿ ಬೇರೆ ಎಳೆ ಬೇಕು. ಅಗ್ಗದ ವಯರಿನಲ್ಲಿ ಅದು ಇರಲ್ಲ. ಮತ್ತೆ ಕ್ಯಾಮೆರಾ ಆಫ್ ಮಾಡಿಟ್ರೆ ಮಾತ್ರ ತುಂಬೋದು, ನೆನಪಿರಲಿ."

"ಇಷ್ಟು ಗೊತ್ತಿದ್ದೋನು ಮೊದಲೇ ಯಾಕೆ ಕೊಡಲಿಲ್ಲ?"

"ಮೊದಲು ಅಗ್ಗದ್ದೇ ಕೊಡೋದು. ಅದನ್ನ ತಗೊಂಡು ಹೋಗಿ ವಾಪಸು ಬಂದು ಜಗಳ ಆಡೋರು ಕಮ್ಮಿ."

ನಾಚಿಕೆಯಿಲ್ಲದೆ ಹೇಳಿದ. ಆದರೂ ಆ ಬೀದಿಯಲ್ಲಿ ಅಷ್ಟು ನಿಜ ಕೇಳಿಸಿಕೊಂಡದ್ದೇ ಹೆಚ್ಚೆಂದು ನಾವು ಮನೆಗೆ ಬಂದೆವು.

ಅದೇ ವಾರ ಹಾಜಾ ಗಜಾಲಾ ಮನೆಗೆ ಬಂದಳು. ಅವಳ ಮಗನಿಗೆ ಮದುವೆ. ಚಹಾ ಕುಡಿದು, ದರ ಮಾತಾಡಿ, ಕೊನೆಗೆ ಕೈಚೀಲದಿಂದ ಒಂದು ಕೆಂಪು ವಯರು ತೆಗೆದು ಮೇಜಿನ ಮೇಲಿಟ್ಟಳು.

"ನಮ್ಮ ಹಾಲಿನಲ್ಲಿ ಚಾರ್ಜು ಮಾಡೋದಾದ್ರೆ ಇದರಲ್ಲೇ ಮಾಡ್ಬೇಕಮ್ಮಾ. ಇದರಲ್ಲಿ ಕರೆಂಟು ಮಾತ್ರ ಹೋಗುತ್ತೆ. ಫೋಟೋ ಹೋಗಲ್ಲ."

ಕಾರಣವಿತ್ತು. ಹಿಂದಿನ ವರ್ಷ ಅವರ ಬಳಗದ ಮದುವೆಯೊಂದರಲ್ಲಿ ಕುಣಿಯುತ್ತಿದ್ದ ಹುಡುಗಿಯ ಫೋಟೋ ಊರಿನ ಗಂಡಸರ ಫೋನುಗಳಲ್ಲೆಲ್ಲ ಓಡಾಡಿ, ಗೊತ್ತಾಗಿದ್ದ ಅವಳ ಸಂಬಂಧ ಮುರಿದುಹೋಗಿತ್ತು. ಆ ಮನೆಯವರ ಸಂಕಟಕ್ಕೆ ನಾನೂ ಅತ್ತಿದ್ದೇನೆ. ಆದರೆ ಅದು ಹೇಗೆ ಹೊರಬಿತ್ತು ಎಂದು ಹುಡುಕಿದವರಿಗೆ ಸಿಕ್ಕಿದ್ದು ಒಂದೇ. ಫೋಟೋ ತೆಗೆಯುವವಳು ಕ್ಯಾಮೆರಾವನ್ನು ಹಾಲಿನ ಗೋಡೆಗೆ ಸಿಕ್ಕಿಸಿದ್ದಳಂತೆ. ಹಾಗಾದರೆ ಫೋಟೋ ವಯರಿನೊಳಗಿಂದ ಇಳಿದು, ಗೋಡೆಯೊಳಗಿಂದ ಹರಿದು ಹೋಗಿರಬೇಕು! ಯಾರೋ ಬಂಧು ಫೋಟೋ ಹೋಗುವ ವಯರು ಬೇರೆ, ಹೋಗದ ವಯರು ಬೇರೆ ಎಂದದ್ದೇ ತಡ, ಇಡೀ ಬಳಗಕ್ಕೆ ಅದು ಕಟ್ಟಳೆಯಾಯಿತು. ಅಲ್ಲಿ ಫೋಟೋ ತೆಗೆಯುತ್ತಿದ್ದವಳು ಈಗ ಕ್ಯಾಮೆರಾ ಮಾರಿ, ಖುಮ್ಸ್ ಊರಿನಲ್ಲಿ ಅಣ್ಣನ ಮನೆಯ ಪಾತ್ರೆ ತೊಳೆಯುತ್ತಿದ್ದಾಳೆ.

"ಹಾಜಾ, ಈ ವಯರಿಗೆ ನನ್ನ ಕ್ಯಾಮೆರಾ ಚಾರ್ಜ್ ಆಗಲ್ಲ," ಎಂದಳು ವಿಸಾಲ್. "ಅದಕ್ಕೆ ಆ ಇನ್ನೊಂದು ಎಳೆ ಬೇಕು. ಚಾರ್ಜರು ಬರೀ ಚಾರ್ಜರು, ಅದರೊಳಗೆ ಫೋಟೋ ಇಟ್ಕೊಳ್ಳೋಕೆ ಜಾಗಾನೇ ಇಲ್ಲ."

"ಆಗಲ್ಲ ಅಂದ್ರೆ ಮಾಡ್ಬೇಡ. ಬೇರೆ ವಯರು ಒಳಗೆ ಬರಕೂಡದು, ಅಷ್ಟೇ."

ಅವಳು ಹೋದ ಮೇಲೆ ನಾನು ಹಾರಾಡಿದೆ. ಈ ಮದುವೆಯೇ ಬೇಡ ಎಂದೆ. ವಿಸಾಲ್ ಸಮಾಧಾನ ಹೇಳಿದಳು. "ದೊಡ್ಡಮ್ಮ, ಬ್ಯಾಟರಿ ಪೂರ್ತಿ ತುಂಬಿಸ್ಕೊಂಡೇ ಹೋಗ್ತೀನಿ. ವಯರಿನ ಮಾತೇ ಬರಲ್ಲ."

ಬಂತು. ಮದುವೆಗಳು ಹೇಳಿದ ಹೊತ್ತಿಗೆ ಎಲ್ಲಿ ನಡೆಯುತ್ತವೆ? ಮಧ್ಯಾಹ್ನದ ನಮಾಜಾದ ಮೇಲೆ ಶುರು ಎಂದವರು, ವರನ ಕಡೆಯ ದೂರದ ನೆಂಟರು ಬರಲಿಲ್ಲವೆಂದು ಕಾಯಿಸಿದರು. ಕಾಯುವ ಹೆಂಗಸರು ಸುಮ್ಮನಿರುತ್ತಾರೆಯೇ? "ನಮ್ಮದೊಂದು ತೆಗಿ, ನಮ್ಮ ಅತ್ತಿಗೇದೊಂದು ತೆಗಿ, ಇನ್ನೊಂದ್ಸಲ ತೆಗಿ, ಕಣ್ಣು ಮುಚ್ಕೊಂಡೆ." ಮದುಮಗಳು ಸುಂದುಸ್ ಒಂದಾದ ಮೇಲೊಂದು ಉಡುಪಿನಲ್ಲಿ ಬಂದು ಕೂತಳು. ಇನ್ನುಳಿದದ್ದು ದೊಡ್ಡ ಬದ್ಲಾ. ಬೆಳ್ಳಿ ಎಳೆಯ ಆ ಭಾರದ ಸೀರೆಯಂಥ ಉಡುಪನ್ನು ಸುತ್ತಿ, ಮೈತುಂಬ ಚಿನ್ನ ಹೇರಿ, ಹೆಣ್ಣನ್ನು ಗೊಂಬೆಯಂತೆ ಕೂರಿಸುವ ಗಳಿಗೆ. ಮದುವೆಯ ಬೇರೆ ಫೋಟೋ ಇಲ್ಲದಿದ್ದರೂ ನಡೆಯುತ್ತದೆ, ಅದು ಇಲ್ಲದೆ ನಡೆಯುವುದಿಲ್ಲ. ಸಿಂಗಾರದವಳು ಸುಂದುಸಳನ್ನು ಒಳಗೆ ಕರೆದೊಯ್ದಳು. ಕ್ಯಾಮೆರಾದಲ್ಲಿ ಬ್ಯಾಟರಿಯ ಗುರುತು ಕೆಂಪಗೆ ಮಿಟುಕುತ್ತಿತ್ತು.

ನಮ್ಮ ವಯರನ್ನು ಬಾಗಿಲಲ್ಲೇ ಕಿತ್ತಿಟ್ಟುಕೊಂಡಿದ್ದರು. ಚಾರ್ಜರು ಮಾತ್ರ ಒಳಗೆ ಬಂದಿತ್ತು. ವಿಸಾಲ್ ಆ ಕೆಂಪು ವಯರನ್ನೇ ಚಾರ್ಜರಿಗೆ ಸಿಕ್ಕಿಸಲು ಹೋದರೆ ಅದರ ತುದಿ ಚಾರ್ಜರಿಗೆ ಕೂರಲೇ ಇಲ್ಲ. ಯಾರೋ ಹಳೆಯ ಚಾರ್ಜರು ತಂದುಕೊಟ್ಟರು. ಕೂತಿತು, ದೀಪ ಹತ್ತಲಿಲ್ಲ. ಅವಳು ಗಜಾಲಾಳ ಬಳಿ ಹೋಗಿ ಮೆಲ್ಲಗೆ, "ಹಾಜಾ, ನನ್ನ ವಯರು ಕೊಡ್ಸಿ. ಬದ್ಲಾ ಉಡ್ಸೋವರೆಗೆ ಚಾರ್ಜು ಮಾಡ್ಕೊಂಡ್ರೆ ಸಾಕು," ಎಂದಳು.

ಗಜಾಲಾ ಮೆಲ್ಲಗೆ ಉತ್ತರಿಸಲಿಲ್ಲ.

"ಯಾಕೆ? ಅದರಲ್ಲೇ ಮಾಡ್ಬೇಕು ಅನ್ನೋ ಹಟ ಯಾಕೆ? ಯಾರಿಗೆ ಕಳಿಸಬೇಕಾಗಿದೆ ನೀನು?"

ಹಾಡುತ್ತಿದ್ದ ಮೇಳದವರ ಕೈ ದರ್ಬೂಕ ಡೋಲಿನ ಮೇಲೆ ನಿಂತುಹೋಯಿತು. ಹಾಲಿನ ಅಷ್ಟೂ ಹೆಂಗಸರು ವಿಸಾಲಳನ್ನು ನೋಡಿದರು. ಒಬ್ಬಳು ತಲೆಗೆ ಬಟ್ಟೆ ಎಳೆದುಕೊಂಡಳು. ಅದನ್ನು ನೋಡಿ ಇನ್ನೊಬ್ಬಳು, ಮತ್ತೊಬ್ಬಳು. ಅವಳು ಕಳ್ಳಿಯೆಂದು ಯಾರೂ ಅನ್ನಲಿಲ್ಲ. ಬಟ್ಟೆ ಎಳೆದುಕೊಂಡರು, ಅಷ್ಟೇ.

ವಿಸಾಲ್ ಅಳಲಿಲ್ಲ. ಕ್ಯಾಮೆರಾದ ಅಡಿಯ ಮುಚ್ಚಳ ತೆಗೆದು, ಉಗುರಿನಷ್ಟಿದ್ದ ಕಾರ್ಡನ್ನು ಎಳೆದು, ಗಜಾಲಾಳ ಅಂಗೈಯಲ್ಲಿಟ್ಟಳು.

"ಇವತ್ತು ತೆಗೆದ ಫೋಟೋ ಎಲ್ಲಾ ಇದರಲ್ಲಿದೆ. ಗಟ್ಟಿಯಾಗಿ ಹಿಡ್ಕೊಳ್ಳಿ. ಈಗ ಕ್ಯಾಮೆರಾ ಖಾಲಿ ಡಬ್ಬಿ. ಇನ್ನಾದ್ರೂ ವಯರು ಕೊಡ್ತೀರಾ?"

ಗಜಾಲಾ ಕಾರ್ಡನ್ನು ತಿರುಗಿಸಿ ನೋಡಿ, ಮುಷ್ಟಿ ಮುಚ್ಚಿ, ಬಾಗಿಲಲ್ಲಿದ್ದವಳಿಗೆ ಸನ್ನೆ ಮಾಡಿದಳು. ವಯರು ಬಂತು. ಕಿತ್ತಳೆ ದೀಪ ಹತ್ತಿತು.

"ಆಯ್ತಲ್ಲ. ಹಾಡ್ರಮ್ಮಾ," ಎಂದಳು ಗಜಾಲಾ, ಸಾರಿಗೆ ಉಪ್ಪು ಹಾಕಿಸಿದವಳ ಹಾಗೆ.

"ಏನಾಯ್ತು?" ಎಂದೆ ನಾನು. ಎದ್ದು ನಿಂತಿದ್ದೆ. "ಏನೂ ಆಗಿಲ್ಲ. ಎಲ್ಲರ ಮುಂದೆ ಕೇಳಿದ್ರಿ, ಯಾರಿಗೆ ಕಳಿಸ್ಬೇಕು ಅಂತ. ಎಲ್ಲರ ಮುಂದೆ ವಾಪಸು ತಗೊಳ್ಳಿ."

"ಅಯ್ಯೋ ಹಾಜಾ, ಮದುವೆ ಮನೇಲಿ ಒಂದು ಮಾತು ಬರುತ್ತೆ, ಹೋಗುತ್ತೆ."

"ಬಂದದ್ದು ನೋಡಿದೆ. ಹೋಗೋದನ್ನೂ ನೋಡಿ ಕೂತ್ಕೋತೀನಿ."

ಆಗಲೇ ಫೋನೊಂದು ಬಡಿದುಕೊಂಡಿತು. ಮುಂದಿನ ಸಾಲಿನಲ್ಲಿ, ಗಜಾಲಾಳ ದೊಡ್ಡ ಮಗಳ ಸೊಂಟದ ಸುತ್ತಿನೊಳಗಿಂದ. ಅವಳು ಹೊಟ್ಟೆನೋವು ಬಂದವಳಂತೆ ಎರಡೂ ಕೈಯಲ್ಲಿ ಅದುಮಿಕೊಂಡಳು. ಅದು ನಿಲ್ಲಲಿಲ್ಲ.

"ಮಗು ಅಳ್ತಿದೆ, ಎತ್ಕೊಳ್ಳೇ," ಎಂದಳು ಹಿಂದಿನಿಂದ ಯಾರೋ. ಇಡೀ ಹಾಲೇ ನಕ್ಕಿತು.

"ಅವಳು ವರನ ಅಕ್ಕ. ಹೊರಗೆ ಗಂಡಸರ ಹತ್ರ ಮಾತಾಡೋಕೆ ಒಬ್ಬರ ಹತ್ರ ಫೋನಿರಬೇಕಲ್ಲ," ಎಂದಳು ಗಜಾಲಾ. ಅವಳ ದನಿಯಲ್ಲಿ ಸಂಕೋಚದ ಒಂದು ಹನಿಯೂ ಇರಲಿಲ್ಲ. ಅಂದರೆ ಮೊದಲಿನಿಂದಲೂ ಗೊತ್ತಿತ್ತು! ಕ್ಯಾಮೆರಾ ಇರುವ ಫೋನು ಮಗಳ ಸೊಂಟದಲ್ಲಿ ಕೂತು ಎಲ್ಲರನ್ನೂ ನೋಡಬಹುದು. ನಮ್ಮ ಹುಡುಗಿಯ ಒಂದು ಮೊಳ ವಯರು ಮಾತ್ರ ಬಾಗಿಲಲ್ಲಿ ಕಾಯಬೇಕು. ನನಗೆ ಬಂದ ಮಾತುಗಳನ್ನು ಬರೆಯುವಂತಿಲ್ಲ. ಆದರೆ ಅವು ನನ್ನ ಬಾಯಿಂದ ಹೊರಡುವ ಮೊದಲೇ ಒಳಕೋಣೆಯ ಪರದೆ ಸರಿಯಿತು.

ಸುಂದುಸ್ ಬಂದಳು. ಅರ್ಧ ಸುತ್ತಿದ ಬದ್ಲಾ, ಒಂದೇ ಕೈಗೆ ಬಳೆ. ಹಿಂದೆ ಸಿಂಗಾರದವಳು ಸೆರಗು ಹಿಡಿದು ಓಡಿ ಬರುತ್ತಿದ್ದಳು. ಆ ದಿನ ಮದುಮಗಳು ಕಣ್ಣು ಎತ್ತುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ತಾಯಿ ಕೈಸನ್ನೆ ಮಾಡಿದರೂ ಅವಳು ಅತ್ತೆಯ ಎದುರು ನಿಂತಳು.

"ಅತ್ತೆ, ಹೊರಗೆ ಹೋಗಬಾರದು ಅಂತ ನೀವು ಕಾಯ್ತಿರೋದು ನನ್ನ ಮುಖ ಅಲ್ವಾ? ಹಾಗಾದ್ರೆ ನಾನೂ ಒಂದು ಮಾತು ಹೇಳ್ತೀನಿ. ವಿಸಾಲ್ ಕ್ಯಾಮೆರಾ ಮುಂದೆ ಕೂರೋಕೆ ನಂಗೆ ಭಯ ಇಲ್ಲ. ಆ ಫೋನಿನ ಮುಂದೆ ಕೂರಲ್ಲ. ಅದು ಚೀಲಕ್ಕೆ ಹೋಗ್ಲಿ. ಇವಳಿಗೆ ಅಂದದ್ದನ್ನ ನೀವು ವಾಪಸು ತಗೊಳ್ಳಿ. ಆಮೇಲೆ ಉಳಿದ ಬಳೆ ಹಾಕಿಸ್ಕೋತೀನಿ."

ಮನೆ ತುಂಬುವ ಮೊದಲೇ ಅತ್ತೆಗೆ ಎದುರಾಡಿದವಳು ಮುಂದೆ ಏನೇನು ಅನುಭವಿಸಬೇಕೋ ಎಂದು ನನಗೆ ಚಿಂತೆಯಾಯಿತು. ಗಜಾಲಾಳ ಮಗಳು ತಲೆ ತಗ್ಗಿಸಿ ಹೋಗಿ ಫೋನು ಚೀಲಕ್ಕೆ ಹಾಕಿ ಬಂದಳು. ಗಜಾಲಾ ಮುಷ್ಟಿ ಬಿಚ್ಚಿ, ಕಾರ್ಡನ್ನು ವಾಪಸು ಚಾಚಿ, "ಈ ಹುಡುಗಿ ಕಳಿಸೋಳಲ್ಲ. ನಾನು ಅಂದದ್ದು ತಪ್ಪು," ಎಂದಳು. ವಿಸಾಲಳ ಮುಖ ನೋಡದೆ, ಗೋಡೆಗೆ ಹೇಳಿದಳು. ಆದರೂ ಎಲ್ಲರಿಗೂ ಕೇಳಿಸಿತು. ತಲೆಯ ಬಟ್ಟೆಗಳು ಒಂದೊಂದಾಗಿ ಇಳಿದವು. ಮೇಳದವರು ದರ್ಬೂಕ ಎತ್ತಿಕೊಂಡರು. ಬದ್ಲಾದ ಫೋಟೋಗಳು ಬಂದವು, ಚೆನ್ನಾಗಿಯೇ ಬಂದವು.

ಅಲ್ಲಿಗೆ ಮುಗಿಯಿತೆಂದುಕೊಂಡರೆ ತಪ್ಪು. ಆ ಹಾಲಿನಲ್ಲಿದ್ದ ಹೆಂಗಸರು ಊರೆಲ್ಲ ಹೇಳಿಕೊಂಡು ತಿರುಗಿದರು. ಸುಂದುಸಳ ಮಾತನ್ನಲ್ಲ, ಫೋನನ್ನೂ ಅಲ್ಲ. ವಿಸಾಲ್ ಕಾರ್ಡು ತೆಗೆದು ಕೈಗೆ ಕೊಟ್ಟಳಂತೆ, ಎಂಥ ಮರ್ಯಾದೆಯ ಹುಡುಗಿ ಎಂದು. ಈಗ ಫೋನು ಮಾಡುವವರೆಲ್ಲ ಅದನ್ನೇ ಕೇಳುತ್ತಾರೆ. "ಚಾರ್ಜು ಮಾಡೋವಾಗ ಕಾರ್ಡು ನಮ್ಮ ಕೈಗೆ ಕೊಡ್ತೀರಲ್ಲಾ?"

"ಕೆಲಸ ಬರ್ತಿದೆಯಲ್ಲ ದೊಡ್ಡಮ್ಮ, ಬಿಡಿ," ಎನ್ನುತ್ತಾಳೆ ವಿಸಾಲ್. ಅವಳಿಗೆ ಬಿಡಲು ಬರುತ್ತದೆ. ನನಗೆ ಬರುವುದಿಲ್ಲ. ಕಳ್ಳತನ ಮಾಡದವಳು ಪ್ರತಿ ಮದುವೆಯಲ್ಲೂ ಜೇಬು ಕೊಡವಿ ತೋರಿಸಬೇಕೆಂದರೆ ಅದನ್ನು ನಂಬಿಕೆ ಎನ್ನುತ್ತಾರೆಯೇ?

ನಿನ್ನೆ ತಾಜೂರಾದಿಂದ ಒಬ್ಬ ತಾಯಿ ಫೋನು ಮಾಡಿ ಅದೇ ಪ್ರಶ್ನೆ ಕೇಳಿದಾಗ ನಾನು ವಿಸಾಲಳ ಕೈಯಿಂದ ಫೋನು ತೆಗೆದುಕೊಂಡೆ.

"ಕೊಡ್ತಾಳೆ ಹಾಜಾ," ಎಂದೆ. "ಕಾರ್ಡು ನಿಮ್ಮ ಕೈಗೆ. ವರನ ಅಮ್ಮನ ಫೋನು, ಅಕ್ಕನ ಫೋನು, ಅತ್ತೆಯ ಫೋನು ನನ್ನ ಕೈಗೆ. ಒಪ್ಪಿಗೇನಾ?"

ಆ ಕಡೆಯಿಂದ ಪಾತ್ರೆಯ ಸದ್ದು, ಯಾರೋ ಬಾಗಿಲು ಹಾಕಿದ ಸದ್ದು. ವಿಸಾಲ್ ತಲೆಯ ಮೇಲೆ ಕೈಯಿಟ್ಟುಕೊಂಡಳು. ನಾನು ಫೋನು ಕಿವಿಗೆ ಒತ್ತಿಕೊಂಡು, ಕುರ್ಚಿ ಎಳೆದುಕೊಂಡು, ಒಪ್ಪಿಗೆ ಬರಲಿ ಎಂದು ಕಾಯುತ್ತ ಕೂತೆ.