ರಸ್ತೆಯ ಮೇಲಿನ ಕಣ

ದೇವಣಗಾಂವದ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿಯೊಂದು ಆ ಶನಿವಾರ ಬೆಳಿಗ್ಗೆ ನಡೆಯಿತು: ರೇವಣಪ್ಪನ ಹನ್ನೊಂದು ಕಲ್ಲುಗಳು ಕಾಣೆಯಾದವು.

ಊರ ಹೊರಗಿನ ಡಾಂಬರು ರಸ್ತೆಯ ತಿರುವೇ ರೇವಣಪ್ಪನ ಕಣ. ಜೋಳದ ತೆನೆ ಹರವಿದರೆ ಸಾಕು, ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತಿದ್ದವು. ಎತ್ತಿಗಾದರೆ ಮೇವು ಹಾಕಬೇಕು. ತೆನೆ ಚೆದುರದಂತೆ ಸುತ್ತ ಕಲ್ಲು ಇಡುತ್ತಿದ್ದ, ತೆಗೆಯಲು ಮರೆಯುತ್ತಿದ್ದ.

ಕಲ್ಲು ಎತ್ತಿ ಹಾಕಿದವನು ರಸ್ತೆ ಕೆಲಸದ ಮೇಸ್ತ್ರಿ ಫಕೀರಸಾಬ.

"ಕಲ್ಲಿಗೆ ನೀನ ಸುಣ್ಣಾ ಬಳದಿದ್ದೆಲ್ಲೋ. ಮಂದೀಗೆ ಕಾಣಂಗಿಲ್ಲೇನು?" ಎಂದ ರೇವಣಪ್ಪ.

"ನಾನೂ ಹಂಗ ತಿಳದಿದ್ದೆ, ಕಾಕಾ." ಫಕೀರಸಾಬ ನೋಟ್‌ಬುಕ್ ತೆರೆದ. "ಮೂರು ಸುಗ್ಗಿ ಬರದಿಟ್ಟೇನಿ. ಮೊದಲನೇ ಸುಗ್ಗ್ಯಾಗ ಇಲ್ಲಿ ಐದು ಮಂದಿ ಬಿದ್ರು. ಬೋರ್ಡ್ ಹಾಕಿದ್ವಿ, ಮತ್ತ ಐದು. ಸುಣ್ಣಾ ಬಳದ್ವಿ, ಮೂರು. ಕಲ್ಲು ಕಂಡ್ರೂ ತೆನಿ ಮ್ಯಾಲ ಗಾಲಿ ಜಾರತಾವ. ಆಚೀ ತಿರುವಿನವ್ರು ಕಣಾನ ಹೊಲಕ್ಕ ಒಯ್ದ್ರು. ಆ ತಿರುವಿನ್ಯಾಗ ಒಬ್ರೂ ಬಿದ್ದಿಲ್ಲ."

"ಬೀಳವ್ರೆಲ್ಲಾ ಕುಡದ ಬಂದಿರ್ತಾರ ಬಿಡು."

"ಹಂಗಾರ ಕಡೀ ಹೆಸರು ಓದತೇನಿ. ಹೋದ ಶನಿವಾರ, ಬಸಣ್ಣ ಮಾಸ್ತರ. ಮೊಳಕೈ ಹರೀತು."

ಬಸಣ್ಣ ರೇವಣಪ್ಪನ ಅಳಿಯ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಹೆಂಡತಿ ಸಾವಂತ್ರವ್ವನನ್ನು ನೋಡಲು ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ಸೈಕಲ್ ತುಳಿದು ಬರುತ್ತಿದ್ದ. ಕೈಗೆ ಕಟ್ಟಿದ ಬಟ್ಟೆಯ ಬಗ್ಗೆ ಕೇಳಿದಾಗ, ಶಾಲೆಯ ಬಾಗಿಲು ಬಡಿಯಿತು ಎಂದಿದ್ದ.

ರೇವಣಪ್ಪ ಮನೆಗೆ ಬಂದು ಮಗಳನ್ನು ಕೇಳಿದ. "ನನಗ್ಯಾಕ ಸುಳ್ಳು ಹೇಳಿದ್ರು?"

"ಮಾವನ ತೆನಿ ಮ್ಯಾಲ ಬಿದ್ದೆ ಅಂತ ಮಾವನ ಮನ್ಯಾಗ ಉಣಕೋತ ಹೆಂಗ ಹೇಳಬೇಕಪ್ಪಾ?" ಎಂದಳು ಸಾವಂತ್ರವ್ವ. "ನನಗೂ ಆಣಿ ಹಾಕ್ಯಾರ."

ಹೆಂಡತಿ ಚಂದವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಎರಡ ಎತ್ತಿನ ಮೇವು ಉಳಸಾಕ ಹೋಗಿ ಅಳ್ಯಾನ್ನ ಕೆಡವಿದ್ರಿ. ಇವತ್ತೂ ಶನಿವಾರ ಐತ್ರಿ."

ರೇವಣಪ್ಪ ಕಸಬರಿಗೆ ಹಿಡಿದು ಹೊರಟ. ಚಂದವ್ವ ಬುಟ್ಟಿ ಹೊತ್ತು ಹಿಂದೆ ಹೋದಳು. ಬಿಸಿಲು ನೆತ್ತಿಗೇರುವುದರೊಳಗೆ ತೆನೆಯೆಲ್ಲ ಹೊಲ ಸೇರಿತು. ತಿರುವಿನ ಡಾಂಬರನ್ನು ರೇವಣಪ್ಪ ಎರಡು ಸಲ ಗುಡಿಸಿದ. ಸ್ವಂತ ಅಂಗಳವನ್ನು ಅವನು ಒಮ್ಮೆಯೂ ಗುಡಿಸಿದವನಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಅಣ್ಣಂದಿರೇ, ಅಕ್ಕಂದಿರೇ, ರಸ್ತೆಯ ಮೇಲೆ ತೆನೆ ಹರವಬೇಡಿ. ಕಲ್ಲು ಇಟ್ಟಿದ್ದರೆ ಇವತ್ತೇ ಎತ್ತಿ. ಬೋರ್ಡು, ಸುಣ್ಣ ಎಚ್ಚರಿಸುತ್ತವೆ. ಅಡ್ಡಿಯನ್ನು ತೆಗೆಯಬೇಕಾದವರು ನಾವೇ. ಅಲ್ಲಿ ಬೀಳುವವರ ದಾರಿಯನ್ನೂ ಯಾರೋ ಬಾಗಿಲಲ್ಲಿ ನಿಂತು ಕಾಯುತ್ತಿರುತ್ತಾರೆ.

ಬಸಣ್ಣ ಅಂದು ಒಂದೂವರೆ ಗಂಟೆಗೆ ಬಂದ. ಬೀಳಲಿಲ್ಲ.